ಬಾವಿಯೊಳಗಿನ ಊರನ್ನು ಎರಡನೆಯ ಸಲ ಓದಿದ್ದು

ಒಂದು ಪುಸ್ತಕವನ್ನು ಬೈಯುವುದಕ್ಕೆಂದೇ ಓದಲು ಕೂತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ಓದಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಳೆಯ ಗೆಳತಿಯ ಮನೆಗೆ ಹೋದವರ ಹಾಗೆ ಮೆತ್ತಗೆ ಶುರುಮಾಡುತ್ತಾರೆ. ಅಟ್ಟ, ಧೂಳು, ಹಳದಿ ಹಾಳೆಯ ವಾಸನೆ. ನನ್ನ ಪುಸ್ತಕ ಅಟ್ಟದಲ್ಲಿರಲಿಲ್ಲ. ಮಾಲೂರಿನ ನನ್ನ ಮನೆಯ ನಡುಮನೆಯಲ್ಲಿ, ಕಣ್ಣೆದುರಿಗೇ ಇತ್ತು. ಟೀವಿ ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ.

ಕೋಲಾರದ ಒಂದು ಕಾಲೇಜಿನ ಹುಡುಗಿಯರು ಮಾತಾಡಲು ಕರೆದಿದ್ದರು. ಚಿಕ್ಕಂದಿನಲ್ಲಿ ಓದಿ ಆಮೇಲೆ ಬಿಟ್ಟುಬಂದ ಒಂದು ಪುಸ್ತಕದ ಬಗ್ಗೆ ಹೇಳಿ ಮೇಡಂ ಎಂದಿದ್ದರು. ನನಗೆ ಇದಕ್ಕಿಂತ ಸುಲಭದ ಕೆಲಸ ಬೇರೆ ಇಲ್ಲ. ಆ ಕಾದಂಬರಿಯನ್ನು ನಾನು ತರಗತಿಯಲ್ಲಿ, ಲೇಖನಗಳಲ್ಲಿ, ಅಡುಗೆಮನೆಯಲ್ಲಿ, ಎಲ್ಲ ಕಡೆಯೂ ಬೈದಿದ್ದೇನೆ. "ನೋಡಿ, ನಮ್ಮ ಮಾಯಾಲೋಕದ ಕಥೆಗಳಲ್ಲಿ ಹೆಂಗಸು ಪಾತಾಳಕ್ಕೆ ಇಳಿದು ರಾಕ್ಷಸನನ್ನು ಕೊಂದು ಬಂದರೂ ಕೊನೆಯ ಪುಟದಲ್ಲಿ ಗಂಡನ ಕಾಲು ಮುಟ್ಟಿ ಮತ್ತೆ ಬಿಂದಿಗೆ ಹೊರಬೇಕು" ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ನನ್ನ ಕಥೆಗಳಿಗೆ ತಲೆಯಿಲ್ಲ ಬಾಲವಿಲ್ಲ ಎಂದು ವಿಮರ್ಶಕರು ದೂರುವುದುಂಟು. ಅದಕ್ಕೂ ಆ ಕೊನೆಯ ಪುಟವೇ ಕಾರಣ. ಅಚ್ಚುಕಟ್ಟಾಗಿ ಮುಗಿಯುವ ಕಥೆ ಎಂದರೆ ಯಾರೋ ಯಾರಿಗೋ ಹೇಳುತ್ತಿರುವ ಸುಳ್ಳು ಎಂಬ ಅನುಮಾನ ನನ್ನಲ್ಲಿ ಹುಟ್ಟಿದ್ದೇ ಅಲ್ಲಿ.

ಅನುಮಾನ ಸರಿಯಾಗಿತ್ತು. ಸುಳ್ಳು ಹೇಳಿದವರು ಯಾರು ಎಂಬುದು ಮಾತ್ರ ತಪ್ಪಾಗಿತ್ತು.

ಅದು ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದನ್ನು ಹಾಳೆಹಾಳೆಯಾಗಿ ಬಿಡಿಸಿಟ್ಟುಕೊಂಡು ಮುಳಬಾಗಿಲಿನಲ್ಲಿ ಬೈಂಡ್ ಮಾಡಿಸಿದ್ದು. ಹಾಗೆ ಮಾಡಿಸುವುದು ಆಗ ಬಹಳ ಮನೆಗಳಲ್ಲಿತ್ತು. ನಮ್ಮಂಥ ಗಡಿಯ ಹಳ್ಳಿಗಳಲ್ಲಿ ಇನ್ನೊಂದು ರೂಢಿಯೂ ಸೇರಿಕೊಂಡಿತ್ತು. ಆ ಕಥೆ ಮೂಲದಲ್ಲಿ ತೆಲುಗಿನದು. ತೆಲುಗು ಪತ್ರಿಕೆಯೊಂದರಲ್ಲಿ ಬಂದು ಮುಗಿದ ಮೇಲೆ ಕನ್ನಡಕ್ಕೆ ಅನುವಾದವಾಗಿ ಬರುತ್ತಿತ್ತು. ಕನ್ನಡದ ಸಂಚಿಕೆ ಒಂದು ವಾರ ಬಸ್ಸಿನಲ್ಲಿ ಬರದೆ ತಪ್ಪಿದರೆ, ಅಥವಾ ಯಾರೋ ಆ ಹಾಳೆಯಲ್ಲಿ ಬೋಂಡ ಸುತ್ತಿಬಿಟ್ಟರೆ, ಪುಂಗನೂರಿನ ನೆಂಟರ ಮನೆಯಿಂದ ಅದೇ ಭಾಗವನ್ನು ತೆಲುಗಿನಲ್ಲಿ ತರಿಸಿ ನಡುವೆ ಸೇರಿಸುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಮುದ್ದೆ ಮುಗಿದರೆ ಅನ್ನ ಬಡಿಸುವ ಹಾಗೆ.

ಆದರೆ ಎರಡು ಪತ್ರಿಕೆಗಳೂ ಕಥೆಯನ್ನು ಒಂದೇ ಜಾಗದಲ್ಲಿ ಕತ್ತರಿಸುತ್ತಿರಲಿಲ್ಲ. ಹಾಗಾಗಿ ನಮ್ಮ ಪುಸ್ತಕದಲ್ಲಿ ಕಥಾನಾಯಕಿ ಕನ್ನಡದಲ್ಲಿ ಬಾವಿಗೆ ಇಳಿಯುತ್ತಾಳೆ, ಹತ್ತು ಪುಟ ದಾಟಿದರೆ ತೆಲುಗಿನಲ್ಲಿ ಮತ್ತೆ ಇಳಿಯುತ್ತಾಳೆ. ಅನುವಾದಕರು ಅವಳ ಹೆಸರನ್ನೂ ಬದಲಾಯಿಸಿದ್ದರು. ಎಷ್ಟೋ ದಿನ ನಾನು ಬಾವಿಗೆ ಇಳಿದವರು ಇಬ್ಬರು ಎಂದೇ ತಿಳಿದಿದ್ದೆ. ಕಥೆ ಮುಗಿಯುವ ಮೊದಲೇ ಕನ್ನಡದ ಆ ಪತ್ರಿಕೆ ನಿಂತುಹೋಯಿತು. ಆದ್ದರಿಂದ ಕೊನೆಯ ಭಾಗಗಳೆಲ್ಲ ತೆಲುಗೇ.

ಇಷ್ಟನ್ನೂ ಕೂಡಿಸಿ ಹೊಲಿಸಿದವಳು ನನ್ನ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಪುಂಗನೂರಿನ ಕಡೆಯ ಹೆಣ್ಣು. ತೆಲುಗು ಓದಿಕೊಂಡು ಬಂದವಳು, ಕನ್ನಡದ ಅಕ್ಷರಗಳನ್ನು ನಮ್ಮ ಮನೆಗೆ ಬಂದ ಮೇಲೆ ಕಲಿತವಳು. ಒಟ್ಟು ಕುಟುಂಬದ ಮನೆ. ಅಜ್ಜಿ, ದೊಡ್ಡಮ್ಮ, ನನ್ನಮ್ಮ, ಇಬ್ಬರು ಚಿಕ್ಕಮ್ಮಂದಿರು, ಹೆಣ್ಣುಮಕ್ಕಳು ನಾವೊಂದು ಹಿಂಡು. ಕನ್ನಡದ ಭಾಗಗಳನ್ನು ನಾನೇ ಓದುತ್ತಿದ್ದೆ. ತೆಲುಗಿನ ಭಾಗ ಬಂದಾಗ ದೊಡ್ಡಮ್ಮ ಕಣ್ಣಲ್ಲಿ ತೆಲುಗು ಓದಿಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಹಜಾರದ ಕಂಬಕ್ಕೆ ಒರಗಿ ಕೂರುತ್ತಿದ್ದಳು ಎಂದು ಬರೆಯಹೊರಟೆ. ಆ ಮನೆಯಲ್ಲಿ ಕಂಬವೇ ಇರಲಿಲ್ಲ. ಎಲ್ಲಿಂದ ಬಂತೋ.

ಕಥೆ ಇದು. ಒಂದು ರಾಜ್ಯದಲ್ಲಿ ರಾತ್ರಿ ತಾನಾಗಿ ಬರುವುದಿಲ್ಲ. ಸಂಜೆಯಾದರೆ ಆಯ್ದ ಕೆಲವು ಮನೆಗಳ ಸೊಸೆಯಂದಿರು ಊರ ನಡುವಿನ ಬಾವಿಯಿಂದ ಕತ್ತಲೆಯನ್ನು ಬಿಂದಿಗೆಯಲ್ಲಿ ಸೇದಿ ಮನೆಮನೆಯ ಮೇಲೆ ಸುರಿಯಬೇಕು. ಒಂದು ಸಂಜೆ ಬಿಂದಿಗೆ ಖಾಲಿ ಬರುತ್ತದೆ. ಸೂರ್ಯ ನಿಂತಲ್ಲೇ ನಿಲ್ಲುತ್ತಾನೆ. ಕೂಸುಗಳು ಮಲಗುವುದಿಲ್ಲ, ದನಗಳು ಕೊಟ್ಟಿಗೆಗೆ ಬರುವುದಿಲ್ಲ. ಕಳ್ಳರು ಕೆಲಸವಿಲ್ಲದೆ ಅರಮನೆಗೆ ಹೋಗಿ ದೂರು ಕೊಡುತ್ತಾರೆ. ಹಗ್ಗ ಹೊಸೆಯುವವರ ಮನೆಯ ಕಿರಿಯ ಸೊಸೆ, ತನ್ನ ಕೈಯಾರೆ ಹೊಸೆದ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಾಳೆ. ದೊಡ್ಡಮ್ಮ ಹೇಳಿದ ಪ್ರಕಾರ, ತಳದಲ್ಲಿ ಒಬ್ಬ ರಾಕ್ಷಸ ಕತ್ತಲೆಯನ್ನೆಲ್ಲ ಕುಡಿದು ಮಲಗಿದ್ದಾನೆ. ಇವಳು ಅವನ ಕುತ್ತಿಗೆಗೆ ಹಗ್ಗ ಬಿಗಿದು ಕೊಲ್ಲುತ್ತಾಳೆ, ಗಂಡ ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಇವಳು ಅವನ ಕಾಲು ಮುಟ್ಟುತ್ತಾಳೆ, ಮಾರನೆಯ ಸಂಜೆ ಎಂದಿನಂತೆ ಬಿಂದಿಗೆ ಹಿಡಿದು ಬಾವಿಗೆ ಹೋಗುತ್ತಾಳೆ.

ಟೀವಿ ಮೇಜಿನಡಿಯಿಂದ ಪುಸ್ತಕ ಎಳೆದೆ. ಮೇಜು ವಾಲಿತು, ವಾಲಲಿ ಎಂದು ಬಿಟ್ಟೆ. ಬೈಯಲು ಬೇಕಾದ ಸಾಲುಗಳಿಗೆ ಗೆರೆ ಎಳೆಯಬೇಕೆಂದು ಪೆನ್ಸಿಲ್ ಹಿಡಿದಿದ್ದೆ. ಮೊದಲ ಭಾಗ ಮುಗಿಯುವುದರೊಳಗೆ ಗೆರೆಗಳು ಬೇರೆ ಕಾರಣಕ್ಕೆ ಬೀಳುತ್ತಿದ್ದವು.

ಪುಸ್ತಕ ಚೆನ್ನಾಗಿತ್ತು. ಎಂಥ ಅವಮಾನ! ನಾನು ಚಿಕ್ಕವಳಾಗಿದ್ದಾಗ ಹಾರಿಸಿಕೊಂಡು ಓಡಿದ್ದ ಜಾಗಗಳಲ್ಲೇ ಅದರ ಜೀವ ಇತ್ತು. ಬಾವಿಯ ಗೋಡೆಯಲ್ಲಿ ಮಾಳಿಗೆಗಳಿವೆ. ಒಂದರಲ್ಲಿ ಮೇಲಿನವರು ಕಳೆದುಕೊಂಡ ನಿದ್ದೆಯೆಲ್ಲ ಹಿಂಜಿದ ಹತ್ತಿಯ ಹಾಗೆ ರಾಶಿ ಬಿದ್ದಿದೆ. ಇನ್ನೊಂದರಲ್ಲಿ ಪ್ರತಿಧ್ವನಿಗಳು ಸಂಸಾರ ಮಾಡುತ್ತವೆ. ಅವುಗಳಿಗೆ ಮಾತಿನ ಕೊನೆಯ ತುಂಡು ಮಾತ್ರ ಗೊತ್ತು, ಹಾಗಾಗಿ ಅಲ್ಲಿ ಯಾವ ಜಗಳವೂ ಶುರುವಾಗುವುದಿಲ್ಲ, ಮುಗಿಯುವುದಷ್ಟೇ. ಬಾಗಿಲು ಕಾಯುವ ಕಪ್ಪೆಯೊಂದು ಇದೆ. ಅದು ಒಗಟು ಕೇಳುವುದಿಲ್ಲ. "ಅತ್ತೆಯ ಮೇಲೆ ದೂರಿದ್ದರೆ ಎಡಗಡೆ ಸಾಲು, ಗಂಡನ ಮೇಲಿದ್ದರೆ ಬಲಗಡೆ, ದೇವರ ಮೇಲಿದ್ದರೆ ನನ್ನ ಹಿಂದೆ ನಿಲ್ಲು, ನನ್ನದೂ ಇದೆ" ಎನ್ನುತ್ತದೆ. ಮಧ್ಯಾಹ್ನ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಯಾವುದನ್ನೂ ಬರೆದವರು ವಿವರಿಸುವುದಿಲ್ಲ. ಕತ್ತಲೆ ಭಾರವೋ ಹಗುರವೋ, ಬಿಂದಿಗೆ ಕಂಚಿನದೋ ಮಣ್ಣಿನದೋ ಅಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ.

ಮೊದಲ ಓದಿನಲ್ಲಿ ಮುಂದೇನಾಯಿತು ಎಂಬ ಹಸಿವು. ಹಸಿದವರಿಗೆ ರುಚಿ ಗೊತ್ತಾಗುವುದಿಲ್ಲ ಎಂದು ಯಾಕೆ ಯಾರೂ ಹೇಳುವುದಿಲ್ಲ? ಎರಡನೆಯ ಸಲ ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು (ಗೊತ್ತಿದೆ ಎಂದುಕೊಂಡಿದ್ದೆ) ಆದ್ದರಿಂದ ನಿಧಾನವಾಗಿ ಇಳಿದೆ. ಕನ್ನಡದ ಇಳಿತದಲ್ಲಿ ಅವಸರವಿದೆ, ಪತ್ರಿಕೆಯವರು ಜಾಗ ಕೊಟ್ಟಿಲ್ಲ. ತೆಲುಗಿನ ಇಳಿತದಲ್ಲಿ ಅವಳ ಅಂಗೈ ಸುಲಿಯುವುದು ಕೂಡ ಬರುತ್ತದೆ. ಒಂದೇ ಹೆಂಗಸು, ಎರಡು ಹೆಸರಿನಲ್ಲಿ, ಎರಡು ಭಾಷೆಯಲ್ಲಿ, ಎರಡು ಸಲ. ಇಂಥದ್ದೊಂದನ್ನು ಸಾಧಿಸಲು ನಾನು ನನ್ನ ಕಥೆಗಳಲ್ಲಿ ಎಷ್ಟು ಒದ್ದಾಡಿದ್ದೇನೆ! ಮುಳಬಾಗಿಲಿನ ಬೈಂಡರ್ ಅದನ್ನು ಮೈದಾ ಅಂಟಿನಲ್ಲಿ ಮಾಡಿಟ್ಟಿದ್ದ. ಹಾಳೆಗಳ ಹಿಂಬದಿಯಲ್ಲಿ ಅರ್ಧ ತುಂಡಾದ ತಲೆನೋವಿನ ಮಾತ್ರೆಯ ಜಾಹೀರಾತು, ಬದನೆಕಾಯಿ ಗೊಜ್ಜಿನ ಕೊನೆಯ ಎರಡು ಸಾಲು. ಅವೂ ಕಥೆಯೊಳಗೆ ಬಂದುಬಿಡುತ್ತಿದ್ದವು. ಪಾತಾಳಕ್ಕೆ ಇಳಿಯುತ್ತಿರುವವಳಿಗೆ ಯಾರೋ "ಕೊನೆಗೆ ಒಗ್ಗರಣೆ ಹಾಕಿ" ಎಂದು ಹೇಳಿದ ಹಾಗೆ.

ಕೊನೆಯ ತೆಲುಗು ಭಾಗಗಳನ್ನು ನಾನು ಹಿಂದೆ ಎಂದೂ ನಾನಾಗಿ ಓದಿರಲಿಲ್ಲ. ಎರಡು ಲಿಪಿಗಳೂ ಒಂದಕ್ಕೊಂದು ಹತ್ತಿರ, ಮನಸ್ಸು ಮಾಡಿದ್ದರೆ ಓದಬಹುದಿತ್ತು. ಆದರೆ ಕೊನೆ ನನಗೆ ಗೊತ್ತಲ್ಲ? ಈ ಸಲ ತಡವರಿಸಿಕೊಂಡು, ಕಷ್ಟದ ಅಕ್ಷರ ಬಂದಾಗ ಗಟ್ಟಿಯಾಗಿ ಉಚ್ಚರಿಸಿಕೊಂಡು ಓದಿದೆ. ಮಾತು ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತಿತ್ತು, ಚಿಕ್ಕಂದಿನಿಂದ ಕೇಳಿದ ಭಾಷೆ.

ರಾಕ್ಷಸ ಇರಲಿಲ್ಲ.

ತಳದಲ್ಲಿ ಒಂದು ಊರಿತ್ತು. ಊರಿನ ತುಂಬ ಹೆಂಗಸರು. ತಲೆತಲಾಂತರದಿಂದ ಕತ್ತಲೆ ಸೇದಲು ಬಂದು, ಕಾಲು ಜಾರಿ ಬಿದ್ದರು ಎಂದು ಮೇಲಿನವರು ಹೇಳಿಕೊಂಡ ಸೊಸೆಯಂದಿರು. ಅವರು ಅಲ್ಲಿ ಮನೆ ಕಟ್ಟಿಕೊಂಡಿದ್ದರು, ತೋಟ ಮಾಡಿದ್ದರು. ಕತ್ತಲೆಯ ಒರತೆಗೆ ಅಡ್ಡ ಕಲ್ಲು ಇಟ್ಟವರು ಅವರೇ. ನಾವು ಯಾರು ಯಾರು ಬಿದ್ದೆವು ಎಂದು ಮೇಲಿನವರು ಹೆಸರು ಹಿಡಿದು ಹೇಳುವ ತನಕ ಅವರಿಗೆ ನಿದ್ದೆ ಬೇಡ ಎಂದು. ಕಿರಿಯ ಸೊಸೆ ಅವರ ಜೊತೆ ವಾದಿಸುತ್ತಾಳೆ, ಕೂಸುಗಳು ಏನು ಮಾಡಿದ್ದವು ಎನ್ನುತ್ತಾಳೆ. ಕೊನೆಗೆ ಕಲ್ಲು ಸರಿಸುತ್ತಾರೆ. ಕತ್ತಲೆ ಯಾರೂ ಸೇದದೆ ತಾನಾಗಿ ಮೇಲಕ್ಕೆ ಹರಿಯುತ್ತದೆ; ಅಂದಿನಿಂದ ರಾತ್ರಿ ತಾನೇ ಬರುವಂತಾಯಿತು, ಬಿಂದಿಗೆ ಬೇಕಾಗಲಿಲ್ಲ. ಮೇಲಿನಿಂದ ಗಂಡ ಹಗ್ಗ ಅಲ್ಲಾಡಿಸುತ್ತಾನೆ. ಅವಳು ತಾನೇ ಹೊಸೆದ ಹಗ್ಗವನ್ನು ಕುಡುಗೋಲಿನಲ್ಲಿ ಕೊಯ್ದು, ಆ ಹೆಂಗಸರ ಜೊತೆ ಒಳಗೆ ಹೋಗುತ್ತಾಳೆ.

ಪುಸ್ತಕ ಮುಚ್ಚಿದೆ. ಇಷ್ಟು ಒಳ್ಳೆಯದನ್ನು ಓದಿದ ಸಂತೋಷಕ್ಕೆ ಮೈ ಬಿಸಿಯಾಗಿತ್ತು, ಸಿಟ್ಟಿಗೂ ಆಗಿತ್ತು. ಯಾವುದು ಎಷ್ಟು ಎಂದು ಬೇರೆ ಮಾಡಲಾರೆ. ಈ ಕೊನೆ ನನ್ನದಾಗಬೇಕಿತ್ತು. ಹತ್ತು ವರ್ಷದವಳಿಗೆ, ಇಪ್ಪತ್ತು ವರ್ಷದವಳಿಗೆ, ಮದುವೆಯ ಮಾರನೆಯ ಬೆಳಿಗ್ಗೆ ಗಂಡನ ಮನೆಯ ಒಲೆಯ ಮುಂದೆ ಕೂತವಳಿಗೆ ಅದು ಬೇಕಿತ್ತು. ಅಚ್ಚಾಗಿ, ಹೊಲಿದು, ನನ್ನ ಮನೆಯಲ್ಲೇ ಇದ್ದ ಕೊನೆಯನ್ನು ನನ್ನಿಂದ ಬಚ್ಚಿಟ್ಟು ಒಂದು ನಕಲಿ ಕೊನೆಯನ್ನು ಕೊಟ್ಟವರಾರು? ದೊಡ್ಡಮ್ಮನೇ ಮಾಡಿದ್ದೋ, ಯಾರಾದರೂ ಮಾಡಿಸಿದ್ದೋ? ಅಥವಾ ನನ್ನ ನೆನಪೇ ಕಂಬ ನಿಲ್ಲಿಸಿದ ಹಾಗೆ ಒಬ್ಬ ರಾಕ್ಷಸನನ್ನು ಕಟ್ಟಿಕೊಂಡಿತೋ? ಅದು ತಿಳಿಯಬೇಕಿತ್ತು. ಅಜ್ಜಿ ಇಲ್ಲ, ಅಮ್ಮ ಇಲ್ಲ, ಚಿಕ್ಕಮ್ಮಂದಿರಿಲ್ಲ. ಹೇಳಬಲ್ಲವಳು ದೊಡ್ಡಮ್ಮ ಒಬ್ಬಳೇ.

ಅವಳು ಈಗ ಮಗನ ಜೊತೆ ಗೌನಿಪಲ್ಲಿಯಲ್ಲಿದ್ದಾಳೆ. ಬೆಳಿಗ್ಗೆ ಮಾಲೂರು ಬಿಟ್ಟು ಕೋಲಾರದಲ್ಲಿ ಬಸ್ಸು ಬದಲಿಸಿದೆ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಮುಂದೆ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತು ಬಸ್ಸು ಅಲ್ಲಾಡಲಿಲ್ಲ. ನನ್ನ ಸಿಟ್ಟು ಮಾತ್ರ ನಿಲ್ಲದೆ ಓಡುತ್ತಿತ್ತು.

ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳಿಗೆ ಈಗ ಮನುಷ್ಯರು ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ.

"ಏನೇ, ಫೋನೂ ಮಾಡ್ದೆ ಬಂದ್ಬಿಟ್ಟಿದ್ದೀಯ? ನಡೆಯೋ ರೀತಿ ನೋಡಿದ್ರೆ ಯಾರ ಜೊತೇನೋ ಜಗಳಕ್ಕೆ ಬಂದಂಗೈತೆ."

"ನಿನ್ನ ಜೊತೇನೇ ದೊಡ್ಡಮ್ಮ."

"ಸರಿ. ಊಟ ಮಾಡ್ಕೊಂಡು ಆಡು. ಖಾಲಿ ಹೊಟ್ಟೇಲಿ ಜಗಳ ಆಡಿದ್ರೆ ಪಿತ್ತ ಆಗ್ತದೆ."

ಊಟಕ್ಕೆ ಏಳಲಿಲ್ಲ. ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಬೆನ್ನಿನ ಬಟ್ಟೆಯ ಮೇಲೆ ಬೆರಳಾಡಿಸಿದಳು.

"ಇದು ನಂದು," ಎಂದಳು. "ಮನೆ ಭಾಗ ಆದಾಗ ನಿಮ್ಮಪ್ಪ ಎತ್ಕೊಂಡು ಹೋದ. ಕೊಡೋಕೆ ಬಂದ್ಯಾ?"

"ಕೇಳೋಕೆ ಬಂದೆ. ಕೊನೇಲಿ ಅವಳು ಮೇಲಕ್ಕೆ ಬರ್ತಾಳಾ?"

"ಯಾರು?"

"ಯಾರು ಅಂತ ನಿಂಗೆ ಗೊತ್ತು."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. "ಬರ್ತಾಳಲ್ಲ. ನಾನೇ ಓದಿ ಹೇಳ್ದೆ ನಿಮ್ಗೆಲ್ಲ."

"ಬರಲ್ಲ. ನಾನು ಓದ್ದೆ."

"ಓ," ಎಂದಳು. "ಈಗ ಓದ್ದ್ಯಾ? ಇಷ್ಟು ದಿವ್ಸಕ್ಕೆ? ಕಾಲೇಜಲ್ಲಿ ಮೇಡಂ ಆಗಿದ್ದೋಳು, ಕಥೆ ಬರೆಯೋಳು. ಎರಡು ಅಕ್ಷರವೂ ಅಕ್ಕತಂಗೀರ ಥರ ಅವೆ. ಪಕ್ಕದ್ಮನೆ ಅಕ್ಷರ ಓದೋಕೆ ನಿಂಗೆ ತಲೆ ನರೀಬೇಕಾಯ್ತಾ?"

ಇದು ಅವಳ ಹಳೆಯ ವಿದ್ಯೆ. ಕೇಳಿದವರನ್ನೇ ಕಟಕಟೆಗೆ ಹತ್ತಿಸುವುದು.

"ಮಾತು ತಿರುಗಿಸ್ಬೇಡ. ಆ ರಾಕ್ಷಸ ಎಲ್ಲಿಂದ ಬಂದ?"

"ರಾಕ್ಷಸರಿಗೇನು ಬರ ಬಿಡೇ," ಎಂದು ನಕ್ಕಳು. ನಾನು ನಗಲಿಲ್ಲ. ಅವಳು ನಗು ನಿಲ್ಲಿಸಿ ಹೇಳಿದಳು: ಕೊನೆಯ ಭಾಗಗಳು ಪುಂಗನೂರಿನಿಂದ ಒಟ್ಟಿಗೆ ಬಂದವಂತೆ. ನಮ್ಮನ್ನೆಲ್ಲ ಹುಣಸೆಹಣ್ಣು ಬಿಡಿಸಲು ಕಣಕ್ಕೆ ಕಳಿಸಿ, ನಡುಮನೆಯ ಬಾಗಿಲು ಹಾಕಿಕೊಂಡು ಹೆಂಗಸರೆಲ್ಲ ಕೂತು ಓದಿಸಿಕೊಂಡರಂತೆ. ಅಚ್ಚಾದದ್ದು ಅಚ್ಚಾದ ಹಾಗೆ. ಮಾರನೆಯ ದಿನ ನಮಗೆ ರಾಕ್ಷಸ.

"ಎಲ್ಲಾರಿಗೂ ಗೊತ್ತಿತ್ತಾ?"

"ಎಲ್ಲಾರಿಗೂ. ನಿಮ್ಮಜ್ಜಿ ಆ ಊರಿನ ಭಾಗ ಇನ್ನೊಂದ್ಸಲ ಓದಿಸಿದ್ಲು. ಅವಳ ತಂಗಿ ಒಬ್ಳು ಗಂಡನ ಮನೇಲಿ ಹಂಗೇ ಹೋದೋಳು. ಕಾಲು ಜಾರಿ."

ಅಜ್ಜಿಗೆ ತಂಗಿಯೊಬ್ಬಳು ಇದ್ದಳೆಂದೇ ನನಗೆ ಗೊತ್ತಿರಲಿಲ್ಲ.

"ಅಮ್ಮ?" ಎಂದೆ.

"ನಿಮ್ಮಮ್ಮ ಬಾಗಿಲ ಹತ್ರ ಕೂತಿದ್ಲು. ನೀವು ಯಾರಾದ್ರೂ ಬಂದ್ರೆ ಹೇಳೋಕೆ."

ಇಷ್ಟು ಹೊತ್ತೂ ನನ್ನ ಸಿಟ್ಟಿಗೆ ಒಂದು ಮುಖವಿತ್ತು, ಈಗ ಅದು ಬದಲಾಯಿತು. ಅಮ್ಮ ಕೊನೆಯ ವರ್ಷಗಳನ್ನು ನನ್ನ ಜೊತೆಯಲ್ಲೇ ಕಳೆದವಳು. ನಾನು ಅಡುಗೆಮನೆಯಲ್ಲಿ ನಿಂತು ಆ ಪುಸ್ತಕವನ್ನು, ಅದನ್ನು ಬರೆದವರನ್ನು, ಅದನ್ನು ಓದಿ ಕಣ್ಣೊರೆಸಿಕೊಂಡ ನಮ್ಮ ಮನೆಯ ಹೆಂಗಸರನ್ನು ಹೀಯಾಳಿಸುವಾಗ ಅವಳು ಹುರುಳಿಕಾಯಿ ಮುರಿಯುತ್ತ "ಹೂಂ" ಎನ್ನುತ್ತಿದ್ದಳು. ಹುರುಳಿಕಾಯಿ ನಾನು ಸೇರಿಸಿದ್ದಿರಬಹುದು. ಹೂಂ ಎಂದದ್ದು ನಿಜ. ಒಂದು ಸಲವಾದರೂ ತಲೆಯೆತ್ತಿ "ಇಲ್ಲ ಕಣೇ, ಅವಳು ಮೇಲಕ್ಕೆ ಬರಲಿಲ್ಲ" ಎಂದಿದ್ದರೆ ಏನು ಹೋಗುತ್ತಿತ್ತು? ನನಗೆ ಆಗ ಮಕ್ಕಳಾಗಿದ್ದವು, ಕನ್ನಡಕ ಬಂದಿತ್ತು. ಆಗಲೂ ನಾನು ಕಣಕ್ಕೆ ಕಳಿಸಬೇಕಾದ ಹುಡುಗಿಯೇ ಆಗಿದ್ದೆನೇ?

"ಯಾಕೆ?" ಎಂದೆ. ಧ್ವನಿ ನನಗೇ ಜೋರಾಗಿ ಕೇಳಿಸಿತು.

"ಕೂಗ್ಬೇಡ, ಊರ್ಕೋ, ಸುಮ್ನಿರು. ನಿಮ್ಮನ್ನೆಲ್ಲ ಇನ್ನೂ ಕೊಡಬೇಕಿತ್ತು. ಎಂಥ ಮನೆ ಸಿಗುತ್ತೋ ಯಾರಿಗ್ಗೊತ್ತು. ಆಗ ಎಲ್ಲಾರ ಹಿತ್ಲಲ್ಲೂ ಬಾವಿ. ಗಂಡನ ಮನೇಲಿ ಕಷ್ಟ ಬಂದಾಗ, ಬಾವಿಯೊಳಗೊಂದು ಊರೈತೆ, ಅಲ್ಲಿ ಹೆಂಗಸರೆಲ್ಲ ಸುಖವಾಗವ್ರೆ ಅಂತ ನಿಮ್ಮ ತಲೇಲಿ ಇದ್ರೆ? ಹೇಳೇ, ನೀನು ಓದಿರೋಳು. ಹೇಳೋಕಾಗುತ್ತಾ ಹೆಣ್ಣುಮಕ್ಕಳಿಗೆ ಅದನ್ನ?"

ಕಾರಣ ತಿಳಿದರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ, ನನ್ನದು ಏರಿತು.

"ಅದಕ್ಕೆ ಗಂಡನ ಕಾಲು ಮುಟ್ಟಿಸಿದ್ಯಾ? ಮತ್ತೆ ಬಿಂದಿಗೆ ಕೊಟ್ಟು ಕಳ್ಸಿದ್ಯಾ?"

"ಅವಳನ್ನ ಮೇಲಕ್ಕೆ ತರಬೇಕಿತ್ತು, ತಂದೆ. ತಂದ್ಮೇಲೆ ಏನು ಮಾಡ್ಸೋದು ಅಂತ ತಿಳೀಲಿಲ್ಲ. ಗೊತ್ತಿರೋದನ್ನ ಮಾಡ್ಸಿದೆ."

ಕಾಪಾಡುವ ನೆಪದಲ್ಲಿ ಹೀಗೆ ಎಷ್ಟು ಕಥೆಗಳನ್ನು ಕೊಯ್ದಿದ್ದಾರೋ. ಅವರವರೇ ಬಾಗಿಲು ಹಾಕಿಕೊಂಡು ಎರಡೆರಡು ಸಲ ಓದಿಸಿಕೊಂಡು ಸುಖಪಟ್ಟದ್ದು. ನಮಗೆ ಕಣ, ಹುಣಸೆಹಣ್ಣು, ರಾಕ್ಷಸ. ಅಜ್ಜಿಯ ತಂಗಿಯ ಹೆಸರನ್ನು ನಮಗೆ ಹೇಳಿದ್ದರೆ ಬಾವಿಯ ಭಯ ತಾನಾಗಿ ಬರುತ್ತಿತ್ತು. ಅದನ್ನೂ ಹೇಳಲಿಲ್ಲ. ಆ ಕಥೆಯೊಳಗಿನ ಹೆಂಗಸರು ಕೇಳಿದ್ದು ಅದೊಂದನ್ನೇ ಅಲ್ಲವೇ, ಯಾರು ಬಿದ್ದರು ಎಂದು ಹೆಸರು ಹಿಡಿದು ಹೇಳಿ ಎಂದು? ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಇಷ್ಟು ಸರಾಗವಾಗಿ ಹೇಳಿರಲಾರೆ, ತೊದಲಿರಬೇಕು.

ಅಷ್ಟರಲ್ಲಿ ದೊಡ್ಡಮ್ಮನ ಮೊಮ್ಮಗಳು ಒಳಗಿನಿಂದ ಮಜ್ಜಿಗೆ ತಂದಳು. ಶ್ರೀನಿವಾಸಪುರದಲ್ಲಿ ಡಿಗ್ರಿ ಓದುವ ಹುಡುಗಿ, ಎರಡನೆಯ ವರ್ಷ. ಮದನಪಲ್ಲಿಯ ಕಡೆಯಿಂದ ಒಂದು ಸಂಬಂಧ ಬಂದಿದೆಯೆಂದೂ, ಇವಳು ಅಪ್ಪನ ಜೊತೆ ಮಾತು ಬಿಟ್ಟು ಊಟ ಕೋಣೆಗೇ ತರಿಸಿಕೊಳ್ಳುತ್ತಿದ್ದಾಳೆಂದೂ ದೊಡ್ಡಮ್ಮ ಹಿಂದಿನ ವಾರ ಫೋನಿನಲ್ಲಿ ಹೇಳಿದ್ದಳು.

"ಅತ್ತೆ, ನಿಮ್ಮ ಜಗಳ ಹಾಲಿನ ಡೈರಿ ತನಕ ಕೇಳಿಸ್ತಿದೆ," ಎಂದು ಲೋಟ ಕೊಟ್ಟು ಅಲ್ಲೇ ಕೂತಳು. "ಏನು ಬಾವಿ? ಯಾರು ಬಿದ್ರು?"

"ಯಾರೂ ಇಲ್ಲ. ನೀನು ಒಳಗೆ ಹೋಗಿ ಓದ್ಕೋ," ಎಂದಳು ದೊಡ್ಡಮ್ಮ.

"ನೋಡು, ಇವತ್ತಿಗೂ!" ಎಂದೆ ನಾನು. "ಇವತ್ತಿಗೂ ಕಣಕ್ಕೆ ಕಳ್ಸ್ತೀಯ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಅಕ್ಷರ ಕಾಣದ ಕಣ್ಣುಗಳಿಂದ ದುರುಗುಟ್ಟಿ ನೋಡುವುದು ಸಾಧ್ಯವೆಂದು ಆವತ್ತು ತಿಳಿಯಿತು. "ಸರಿ ಹಂಗಾದ್ರೆ," ಎಂದಳು. "ಇವಳಿಗೆ ಓದು. ಅಚ್ಚಾಗಿರೋ ಥರಾನೇ ಓದು. ನೋಡೋಣ. ಚದುವು," ಎಂದು ತೆಲುಗಿನಲ್ಲೂ ಅದನ್ನೇ ಅಂದಳು.

ಪುಸ್ತಕ ನನ್ನ ಕೈಗೆ ಬಂತು. ಹುಡುಗಿ ಗೋಡೆಗೆ ಒರಗಿ ಮೊಣಕಾಲು ಮಡಿಸಿ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು, ನಿದ್ದೆಗೆಟ್ಟ ಮುಖ. ದೊಡ್ಡಮ್ಮ ಮಾಡಿದ್ದು ತಪ್ಪೆಂದು ಬಸ್ಸಿನ ದಾರಿಯುದ್ದಕ್ಕೂ ಎಷ್ಟು ಖಚಿತವಾಗಿ ಗೊತ್ತಿತ್ತು. ಆ ಖಾತ್ರಿ ಈಗಲೂ ಇತ್ತು, ಆದರೆ ಅದನ್ನು ಈ ಮುಖದ ಮುಂದೆ ಗಟ್ಟಿಯಾಗಿ ಓದಬೇಕಿತ್ತು.

"ಈ ಕಥೇಲಿ ಬಾವಿ ಇದೆ," ಎಂದೆ. ಯಾಕೆ ಹೇಳಿದೆನೋ.

"ಇರ್ಲಿ ಬಿಡಿ ಅತ್ತೆ. ಈಗ ಬಾವಿ ಎಲ್ಲಿವೆ? ಇಲ್ಲಿ ಸಾವಿರದೈನೂರು ಅಡಿ ಬೋರು, ಬಾಯಿಗೆ ಮುಚ್ಚಳ ಬೇರೆ. ಬೀಳ್ತೀನಿ ಅಂದ್ರೂ ಮೋಟರು ಬಿಡಲ್ಲ," ಎಂದು ನಕ್ಕಳು. ದೊಡ್ಡಮ್ಮ ನಗಲಿಲ್ಲ. ನಾನೂ.

ಓದಿದೆ. ಬಾವಿಯ ತನಕದ ಕಥೆಯನ್ನು ಬಾಯಲ್ಲಿ ಹೇಳಿ, ತೆಲುಗಿನ ಇಳಿತದಿಂದ ಮುಂದೆ ಒಂದು ಪದವನ್ನೂ ಬಿಡಲಿಲ್ಲ. ನನ್ನ ತೆಲುಗು ಉಚ್ಚಾರವನ್ನು ದೊಡ್ಡಮ್ಮ ಸಾಲುಸಾಲಿಗೂ ತಿದ್ದುತ್ತಿದ್ದಳು. ಎಲ್ಲವೂ ಅವಳಿಗೆ ಬಾಯಿಪಾಠವಿತ್ತು. ನಿದ್ದೆಯ ಮಾಳಿಗೆ ಬಂದಾಗ ಹುಡುಗಿ "ನಂದೂ ಅಲ್ಲೇ ಇರ್ಬೇಕು" ಎಂದಳು. ಕಪ್ಪೆಯ ದೂರಿನ ಸಾಲಿಗೆ ಜೋರಾಗಿ ನಕ್ಕಳು. "ಅಪ್ಪನ ಮೇಲಿದ್ರೆ ಯಾವ ಸಾಲು?" ತಳದ ಊರು ಬಂತು, ಜಾರಿ ಬಿದ್ದವರು ಬಂದರು. ಹುಡುಗಿ ನಗುವುದನ್ನು ನಿಲ್ಲಿಸಿದಳು. ದೊಡ್ಡಮ್ಮ ತಿದ್ದುವುದನ್ನು ನಿಲ್ಲಿಸಿದಳು. ಆ ಸಾಲುಗಳನ್ನು ಮಾಲೂರಿನಲ್ಲಿ ಒಬ್ಬಳೇ ಓದಿದಾಗ ಆದ ಸಂತೋಷ ಇಲ್ಲಿ ಒಂದು ಚೂರೂ ಆಗಲಿಲ್ಲ. ಹುಡುಗಿಯ ಕೈಗಳನ್ನೇ ನೋಡುತ್ತ ಓದಿದೆ. ಕುಡುಗೋಲು ಬಂತು, ಹಗ್ಗ ಬಿತ್ತು, ಮುಗಿಯಿತು.

ಪುಸ್ತಕ ಮುಚ್ಚಿದೆ.

"ಇದೇನು ಅತ್ತೆ, ಇಷ್ಟೇನಾ?" ಎಂದಳು ಹುಡುಗಿ. ಅವಳ ಮುಖ ಕೆಂಪಾಗಿತ್ತು. "ಥೂ. ಹಗ್ಗ ಯಾಕೆ ಕೊಯ್ದ್ಲು? ಗಟ್ಟಿ ಹಗ್ಗ, ಅವಳೇ ಹೊಸೆದಿರೋದು. ಅಷ್ಟು ಜನ ಹೆಂಗಸರಿದ್ದಾರಲ್ಲ ಕೆಳಗೆ? ಒಬ್ಬೊಬ್ರಾಗಿ ಎಲ್ಲಾರೂ ಮೇಲಕ್ಕೆ ಹತ್ತಿ ಬರ್ಬೇಕಿತ್ತು. ಬಂದು ಅವರವರ ಮನೆ ಬಾಗಿಲು ತಟ್ಟಿ, ನಾನು ಜಾರಿ ಬಿದ್ದಿರ್ಲಿಲ್ಲ ಅನ್ಬೇಕಿತ್ತು. ಆಗ ಇರ್ತಿತ್ತು ಮಜಾ. ಬಾವಿಯೊಳಗೆ ಕೂತ್ಕೊಂಡು ತೋಟ ಮಾಡ್ತಾರಂತೆ! ಯಾರು ಬರ್ದಿದ್ದು ಇದನ್ನ?"

ನನಗೆ ರೇಗಿತು. ಎಷ್ಟು ಕಾಲದ ಮೇಲೆ ಸಿಕ್ಕಿದ ನನ್ನ ಕೊನೆ, ಈ ಹುಡುಗಿ ಮಜ್ಜಿಗೆ ಲೋಟ ಕೆಳಗಿಡುವಷ್ಟರಲ್ಲಿ ಎತ್ತಿ ಬಿಸಾಡಿದ್ದಳು. ಅದು ಹಾಗಲ್ಲ, ಹಗ್ಗ ಕೊಯ್ಯುವುದಕ್ಕೆ ಅರ್ಥವಿದೆ, ಮೇಲಿನ ಲೋಕಕ್ಕೆ ಅವರು ಯಾಕೆ ಬರಬೇಕು ಎಂದೆಲ್ಲ ಶುರುಮಾಡಿದೆ. ಕಾಲೇಜಿನ ಧ್ವನಿ ಬಂದುಬಿಟ್ಟಿತ್ತು. ಹುಡುಗಿ ಕೇಳಲಿಲ್ಲ. ಎದ್ದು ನಿಂತು, ನಮ್ಮಪ್ಪ ಸಂಜೆ ಬರಲಿ, ಇವತ್ತು ಜಗಲಿ ಮೇಲೇ ಕೂತು ಮಾತಾಡ್ತೀನಿ, ರೂಮೊಳಗೆ ಕೂರೋದು ಸಾಕಾಯ್ತು ಎಂದು ಯಾರಿಗೋ ಎಂಬಂತೆ ಹೇಳಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.

ನಾನು ದೊಡ್ಡಮ್ಮನ ಕಡೆ ನೋಡಿದೆ. ನಾವಿಬ್ಬರೂ ಅವಳಿಗೆ ಏನೋ ಆದೀತೆಂದು ಹೆದರಿ ಕೂತಿದ್ದೆವು.

ದೊಡ್ಡಮ್ಮ ಪುಸ್ತಕಕ್ಕಾಗಿ ಕೈ ಚಾಚಿದಳು. ಕೊಟ್ಟೆ. ಅದನ್ನು ಮಡಿಲಿನಲ್ಲಿಟ್ಟುಕೊಂಡು ಹೇಳಿದಳು:

"ಆವತ್ತು ನಿಮ್ಮಮ್ಮನೂ ಇದನ್ನೇ ಅಂದ್ಲು ಕಣೇ. ಬಾಗಿಲ ಹತ್ರ ಕೂತ್ಕೊಂಡು. ಅಷ್ಟು ಗಟ್ಟಿ ಹಗ್ಗ ಇತ್ತಲ್ಲ ಅಕ್ಕಾ, ಎಲ್ಲಾರೂ ಹತ್ತಿ ಬರಬಾರ್ದಿತ್ತಾ ಅಂದ್ಲು."

ಎಷ್ಟು ಸೊಗಸಾದ ಮಾತು. ಎಷ್ಟು ಸರಿಯಾದ ಹೊತ್ತಿಗೆ ಬಂತು. ಅಮ್ಮ ನನ್ನಿಂದ ಬಚ್ಚಿಟ್ಟದ್ದಕ್ಕೆಲ್ಲ ಸಮಾಧಾನ ಈ ಒಂದು ವಾಕ್ಯದಲ್ಲಿತ್ತು, ನಂಬಿಬಿಟ್ಟರೆ ಆಯಿತು. ನಾನು ನಂಬಲಿಲ್ಲ. ಕೇಳುವವರ ಮುಖ ನೋಡಿ ಕಥೆ ಮುಗಿಸುವುದು ದೊಡ್ಡಮ್ಮನ ಅಭ್ಯಾಸ. "ನಿಜ ಹೇಳು," ಎಂದೆ. ಅವಳು ಹೂಂ ಎಂದಳು.